ಬ್ರೆಡ್ಡಿನ ಮೇಲಿನ ಬಣ್ಣ

ಮಗಳಿಗೆ ಆಗ ಹತ್ತು ವಾರ. ಡೈಪರಿನಲ್ಲಿ ಲೋಳೆಯ ಜೊತೆ ಕೆಂಪು ಎಳೆ ಕಂಡ ಮೂರನೆಯ ದಿನ ಮಕ್ಕಳ ಡಾಕ್ಟರ ಬಳಿ ಹೋದೆ. ಅವರು ಅವಳ ತೂಕ ನೋಡಿದರು, ಹೊಟ್ಟೆ ಒತ್ತಿದರು, ಆಮೇಲೆ ಅವಳನ್ನು ಬಿಟ್ಟು ನನ್ನನ್ನು ನೋಡಿದರು.

"ನೀವು ಕುಡಿಯೋ ಹಸುವಿನ ಹಾಲಿನ ಅಂಶ ನಿಮ್ಮ ಎದೆಹಾಲಿಗೂ ಬರುತ್ತೆ. ಇವಳಿಗೆ ಅದು ಒಗ್ತಿಲ್ಲ ಅನ್ಸುತ್ತೆ. ಹಾಲು, ಮೊಸರು, ಬೆಣ್ಣೆ, ಎಲ್ಲಾ ಬಿಡಿ. ನಾಲ್ಕು ವಾರ ನೋಡೋಣ. ತಿಂದದ್ದೆಲ್ಲ ಬರೆದಿಡಿ. ಆಗಲೂ ರಕ್ತ ನಿಲ್ಲದಿದ್ರೆ ಎದೆಹಾಲು ನಿಲ್ಲಿಸಿ, ಇಂಥ ಮಕ್ಕಳಿಗಂತಲೇ ಬರೋ ಪುಡಿ ಶುರು ಮಾಡೋಣ."

'ನಿಲ್ಲಿಸಿ' ಎಂಬುದನ್ನು ಅವರು 'ಕಿಟಕಿ ಮುಚ್ಚಿ' ಅನ್ನುವಷ್ಟು ಸಲೀಸಾಗಿ ಹೇಳಿದರು. ಮೊದಲ ತಿಂಗಳೆಲ್ಲ ಹಲ್ಲು ಕಚ್ಚಿಕೊಂಡು ಹಾಲೂಡಿಸಿದ್ದೆ. ನಾನೂ ಅವಳೂ ಆ ಕೆಲಸವನ್ನು ಈಗಷ್ಟೇ ಕಲಿತಿದ್ದೆವು.

ಮಾವನದು ಬೀದಿಯ ಕೊನೆಯಲ್ಲಿ ಬೇಕರಿ. ನಲವತ್ತು ವರ್ಷ ಪಳಗಿದ ಕೈ. "ಹಾಲಿಲ್ಲದ ಬ್ರೆಡ್ ತಾನೇ? ನೀರಲ್ಲೇ ಕಲಸಿ, ಬೆಣ್ಣೆ ಬದಲು ಎಣ್ಣೆ ಹಾಕಿ ಮಾಡ್ಕೊಡ್ತೀನಮ್ಮ, ನಮ್ಮ ಇಲಿಮರಿಗೋಸ್ಕರ," ಎಂದರು ಮೊಮ್ಮಗಳ ಕೆನ್ನೆ ಮುಟ್ಟಿ. ದಿನಾ ಮಧ್ಯಾಹ್ನ ಅಂಗೈ ಅಗಲದ ಒಂದು ಬ್ರೆಡ್ ನನಗೆಂದೇ ಮನೆಗೆ ಬರತೊಡಗಿತು.

ಅಡುಗೆಮನೆಯ ಕಿಟಕಿಯ ಬಳಿ ನೋಟ್‌ಬುಕ್ ಇಟ್ಟೆ. ಎಡಕ್ಕೆ ನನ್ನ ಊಟ, ಬಲಕ್ಕೆ ಅವಳ ಡೈಪರು. "ಹೋದ ಜನ್ಮದಲ್ಲಿ ಗುಮಾಸ್ತೆ ಆಗಿದ್ಯೇನೋ," ಎಂದರು ಅತ್ತೆ.

ಎರಡು ವಾರ ಕಳೆಯುತ್ತ ಬಂದರೂ ಬಲಗಡೆಯ ಬರಹ ಬದಲಾಗಲಿಲ್ಲ. ಹನ್ನೆರಡನೆಯ ದಿನ ಮೊಟ್ಟೆ ಬಿಟ್ಟೆ. ಹದಿನೈದನೆಯ ದಿನ ಶೇಂಗಾ ಬಿಟ್ಟೆ. ಬಳೆ ಮೊಣಕೈವರೆಗೆ ಜಾರುತ್ತಿತ್ತು.

"ಹೀಗೇ ಬಿಡ್ತಾ ಹೋದ್ರೆ ಕೊನೆಗೆ ಗಾಳಿ ಒಂದೇ ಉಳಿಯೋದು. ಅದೂ ಒಗ್ಗಲ್ಲ ಅಂತಾಳೇನೋ ನಿನ್ನ ಮಗಳು," ಎಂದು ಅತ್ತೆ ನನ್ನ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ ಹಾಕಿದರು. ನಾನು ಬರೆದುಕೊಂಡೆ: ಬ್ರೆಡ್, ಹಾಲಿಲ್ಲ.

ಹದಿನೆಂಟನೆಯ ದಿನ ಬೆಳಿಗ್ಗೆ ಮಾವ ಕನ್ನಡಕ ಮರೆತು ಹೋಗಿದ್ದರು. ಮಗಳನ್ನು ಎತ್ತಿಕೊಂಡು, ಅದನ್ನು ಕೊಡಲು ಬೇಕರಿಗೆ ಹೋದೆ. ಓವನ್ನಿನ ಮುಂದೆ ಟ್ರೇ ಇಟ್ಟುಕೊಂಡು ನಿಂತಿದ್ದರು. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಬ್ರಷ್ಷು. ಸಾಲಾಗಿ ಪ್ರತಿ ಬ್ರೆಡ್ಡಿನ ಮೇಲೂ ಒಂದೊಂದು ಸಲ ಸವರುತ್ತ ಹೋದರು. ಕೊನೆಯಲ್ಲಿ ನನ್ನ ಪುಟ್ಟ ಬ್ರೆಡ್ಡಿತ್ತು. ಅಲ್ಲಿಯೂ ಕೈ ನಿಲ್ಲಲಿಲ್ಲ.

"ಮಾವ, ಬಟ್ಟಲಲ್ಲಿ ಏನು?"

"ಹಾಲು. ಇದು ಬಣ್ಣಕ್ಕಮ್ಮ, ಬ್ರೆಡ್ಡಿಗಲ್ಲ."

ಹೇಳಿ ಮುಗಿಸಿದ ಮೇಲೆ ಆ ಮಾತು ಅವರ ಕಿವಿಗೂ ಬಿತ್ತು. ಬ್ರಷ್ಷು ಗಾಳಿಯಲ್ಲೇ ನಿಂತಿತು.

ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಹಿಟ್ಟಿನೊಳಗೆ ಹೋದದ್ದು ಮಾತ್ರ ಬ್ರೆಡ್ಡು. ಮೇಲೆ ಸವರಿದ್ದು ಬೂಟಿಗೆ ಪಾಲಿಶ್ ಹಾಕಿದ ಹಾಗೆ. ನನಗೆ ಕೋಪ ಬರಬೇಕಿತ್ತು. ಆದರೆ ಅಷ್ಟೂ ದಿನ ಆ ಹೊಳಪನ್ನು ನೋಡಿಕೊಂಡೇ ತಿಂದವಳು ನಾನು. ಅದು ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿರಲಿಲ್ಲ. ಕನ್ನಡಕವನ್ನು ಮೇಜಿನ ಮೇಲಿಟ್ಟು ಬಂದೆ.

ಮರುದಿನ ಬಂದ ಬ್ರೆಡ್ ಬೂದಿ ಬಳಿದಂತೆ ಮಂಕಾಗಿತ್ತು. ವಿಷಯ ತಿಳಿಯದ ಅತ್ತೆ ಅದನ್ನು ತಿರುಗಿಸಿ ನೋಡಿದರು. "ಏನ್ರೀ ಇದು? ನಿಮ್ಮ ಬೋಳುತಲೆಯಾದ್ರೂ ಇದಕ್ಕಿಂತ ಹೊಳಿಯುತ್ತಲ್ಲ."

ಬೇರೆ ದಿನವಾಗಿದ್ದರೆ ಮಾವ ತಲೆ ಸವರಿಕೊಂಡು ನಗುತ್ತಿದ್ದರು. ಅಂದು ತಲೆ ಎತ್ತದೆ ಉಂಡು ಎದ್ದರು. ಸಂಜೆ ಬಂದವರೇ ಇಲಿಮರಿಯನ್ನು ಎತ್ತಿಕೊಳ್ಳುವ ರೂಢಿಯೂ ನಿಂತಿತು. ತೊಟ್ಟಿಲಿನಿಂದ ಎರಡು ಹೆಜ್ಜೆ ದೂರ ನಿಂತು ನೋಡಿ ಹೋಗುತ್ತಿದ್ದರು. ಎತ್ತಿಕೊಳ್ಳಿ ಎಂದು ನಾನೂ ಹೇಳಲಿಲ್ಲ. ಡಾಕ್ಟರು ಏನು ಹೇಳುತ್ತಾರೋ ತಿಳಿಯುವ ಮೊದಲು ಹೇಳುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ.

ಇಪ್ಪತ್ಮೂರನೆಯ ದಿನ ಕೆಂಪು ಎಳೆ ಕಾಣಲಿಲ್ಲ. ಮರುದಿನವೂ ಇಲ್ಲ, ಅದರಾಚೆಗೂ ಇಲ್ಲ.

ನಾಲ್ಕು ವಾರ ಮುಗಿದ ಮೇಲೆ ಮತ್ತೆ ಹೋದಾಗ, ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದ ಡಾಕ್ಟರು ಒಂದು ಹಾಳೆಯಲ್ಲಿ ತಡೆದರು. "ಇದು ಯಾರ ಅಕ್ಷರ?"

ಬಗ್ಗಿ ನೋಡಿದೆ. ಮೊದಲ ಹದಿನೇಳು ದಿನಗಳಲ್ಲಿ 'ಹಾಲಿಲ್ಲ' ಎಂದು ನಾನು ಬರೆದಲ್ಲೆಲ್ಲ ಗೆರೆ ಹೊಡೆದು, ಪಕ್ಕದಲ್ಲಿ ಬೇಕರಿಯ ನೀಲಿ ಪೆನ್ಸಿಲ್ಲಿನಿಂದ ಬರೆದಿತ್ತು: 'ಮೇಲೆ ಹಾಲು ಸವರಿದ್ದು. ತಪ್ಪು ನನ್ನದು.' ಒಂದು ಸಲ ಬರೆದು ಉಳಿದ ದಿನಗಳಿಗೆ ಬರೀ ಗೆರೆ ಎಳೆದಿರಲಿಲ್ಲ. ಹದಿನೇಳು ದಿನಕ್ಕೂ ಬೇರೆ ಬೇರೆಯಾಗಿ, ಪೂರ್ತಿ ಬರೆದಿದ್ದರು.

"ನಮ್ಮ ಮಾವಂದು," ಎಂದೆ.

"ಬರೆದದ್ದು ಒಳ್ಳೇದಾಯ್ತು. ಇಲ್ದಿದ್ರೆ ತಪ್ಪನ್ನ ಮೊಟ್ಟೆ ಮೇಲೆ ಹೊರಿಸ್ತಿದ್ದೆ. ಮೊಟ್ಟೆ, ಶೇಂಗಾ ಒಂದೊಂದಾಗಿ ಮತ್ತೆ ತಿಂದು ನೋಡಿ. ಹಸುವಿನ ಹಾಲು ಮಾತ್ರ ಬೇಡ. ಎದೆಹಾಲು ಮುಂದುವರಿಸಿ."

ಮನೆಗೆ ಹೋಗುವ ಮೊದಲು ಮಗಳನ್ನು ಎತ್ತಿಕೊಂಡೇ ಬೇಕರಿಯಲ್ಲಿ ನಿಂತೆ. ಮಾವ ಬನ್ನಿಗೆ ಹಾಲು ಸವರುತ್ತಿದ್ದವರು ತಲೆ ಎತ್ತಿದರು.

"ನಿಲ್ಲಿಸೋದು ಬೇಡ ಅಂದ್ರು, ಮಾವ."

ಅವರು ಬಟ್ಟಲನ್ನು ಕೆಳಗಿಟ್ಟು ನಲ್ಲಿಯ ಬಳಿ ಹೋದರು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಕೈ ಮೂಸಿ ನೋಡಿ, ಮತ್ತೊಮ್ಮೆ ತೊಳೆದರು. ಒರೆಸಿಕೊಂಡು ಬಂದು ಎರಡೂ ಕೈ ಮುಂದೆ ಚಾಚಿದರು.