ಲೀಲಾಳ ಹೆಸರಿನ ಮೇಜು

ಹಡಗು ಟಿಮಾರು ಬಂದರಿಗೆ ಬಂದು ನಿಂತಾಗ ಬೆಳಗ್ಗೆ ಎಂಟು ಗಂಟೆ. ಅನುರಾಧಾ ಅಷ್ಟರಲ್ಲಿ ಸ್ನಾನ ಮುಗಿಸಿ, ಜಾಕೆಟ್ ಏರಿಸಿಕೊಂಡು ಮೇಲಿನ ಡೆಕ್ಕಿಗೆ ಬಂದಿದ್ದಳು. ಹತ್ತೊಂಬತ್ತು ವರ್ಷದ ಹಿಂದೆ ನ್ಯೂಜಿಲೆಂಡಿಗೆ ಬಂದಾಗ ಮೊದಲ ಎರಡು ವರ್ಷ ಈ ಊರಿನ ಒಂದು ವೃದ್ಧಾಶ್ರಮದಲ್ಲಿ ಅವಳು ನರ್ಸಾಗಿದ್ದಳು. ಆಮೇಲೆ ಆಕ್ಲೆಂಡ್ ಸೇರಿದವಳು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಆದರೂ ಹಡಗು ಹತ್ತಿದಾಗಿನಿಂದ "ಟಿಮಾರು ನನ್ನೂರು" ಎಂದು ಹತ್ತು ಸಲವಾದರೂ ಹೇಳಿಯಾಗಿತ್ತು.

ಪ್ರವಾಸ ಹೊರಟವರು ನಾಲ್ವರು. ಅನುರಾಧಾ, ಅವಳ ಗಂಡ ಶಿವಪ್ರಸಾದ್, ಗೆಳತಿ ಲೀಲಾವತಿ, ಲೀಲಾವತಿಯ ಗಂಡ ಬದರಿನಾಥ್. ಅನುರಾಧಾ ಮತ್ತು ಲೀಲಾವತಿ ಮೈಸೂರಿನಲ್ಲಿ ನರ್ಸಿಂಗ್ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಲೀಲಾವತಿ ಈ ದೇಶಕ್ಕೆ ಬಂದು ಎಂಟೇ ವರ್ಷ. ಅವಳ ಅರ್ಜಿಗಳನ್ನು ತುಂಬಿಸಿದ್ದು, ಪರೀಕ್ಷೆಗೆ ಓದಿಸಿದ್ದು, ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನ ತನ್ನ ಮನೆಯಲ್ಲಿ ಗಂಡ ಹೆಂಡತಿಯನ್ನು ಮೂರು ತಿಂಗಳು ಇಟ್ಟುಕೊಂಡಿದ್ದು ಅನುರಾಧಾಳೇ. ತನ್ನ ವಾರ್ಡಿನಲ್ಲಿ ಕೆಲಸ ಖಾಲಿ ಇದೆ ಎಂದು ತಿಳಿಸಿದ್ದೂ ಅವಳೇ. ಹೋದ ತಿಂಗಳು ಆ ವಾರ್ಡಿನ ಉಸ್ತುವಾರಿ ನೋಡುವ ಚಾರ್ಜ್ ನರ್ಸ್ ಆದದ್ದು ಮಾತ್ರ ಲೀಲಾವತಿ. ಅರ್ಜಿ ಇಬ್ಬರೂ ಹಾಕಿದ್ದರು. ಸುದ್ದಿ ಬಂದ ದಿನ ಅನುರಾಧಾ ಕೇಕ್ ತಂದು, ಎಲ್ಲರ ಎದುರು ಗೆಳತಿಯನ್ನು ತಬ್ಬಿಕೊಂಡು, ಮನೆಗೆ ಬಂದ ಮೇಲೆ ಕಾರಿನಿಂದ ಇಳಿಯದೆ ಇಪ್ಪತ್ತು ನಿಮಿಷ ಕೂತಿದ್ದಳು.

ಹಡಗಿನಲ್ಲೂ ಅದೇ ಕಥೆಯಾಯಿತು. ಹಡಗು ಯಾವ ಊರಿನಲ್ಲಿ ನಿಂತರೂ ಲೀಲಾವತಿ ಮೊದಲು ಸಿಕ್ಕಿದವರನ್ನು ಹಿಡಿದು, "ನೀವು ಮನೆಮಂದಿಯ ಜೊತೆ ಎಲ್ಲಿಗೆ ಊಟಕ್ಕೆ ಹೋಗ್ತೀರಿ?" ಎಂದು ಕೇಳುತ್ತಿದ್ದಳು. ನೇಪಿಯರ್‌ನಲ್ಲಿ ಬಸ್ಸಿನ ಡ್ರೈವರ್ ಒಬ್ಬ ತನ್ನ ಸೋದರಮಾವನ ಪಿಜ್ಜಾ ಅಂಗಡಿಗೆ ದಾರಿ ತೋರಿಸಿದ. ಡನೀಡಿನ್‌ನಲ್ಲಿ ಹೂ ಮಾರುವ ಹೆಂಗಸು, ಪ್ರವಾಸಿಗರು ಕಾಲಿಡದ ಓಣಿಯ ಸೂಪಿನಂಗಡಿಗೆ ತಾನೇ ಕರೆದುಕೊಂಡು ಹೋಗಿ ಬಿಟ್ಟಳು. ಎರಡೂ ಕಡೆ ಊಟ ಬಹಳ ಚೆನ್ನಾಗಿತ್ತು. "ಲೀಲಾ ಒಬ್ಬಳಿದ್ದರೆ ಫೋನ್ ನೋಡೋದೇ ಬೇಡ," ಎಂದು ಶಿವಪ್ರಸಾದ್ ಹೊಟ್ಟೆ ಸವರಿಕೊಂಡಾಗ ಅನುರಾಧಾ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಟಿಮಾರುವಿನಲ್ಲಿ ಯಾರನ್ನೂ ಕೇಳೋದು ಬೇಡ," ಎಂದಿದ್ದಳು ಅವಳು. "ಅಲ್ಲಿನವರು ತಿನ್ನೋ ಜಾಗ ನಂಗೆ ಗೊತ್ತು. ಮೇನ್ ರೋಡಲ್ಲಿ ಒಂದು ಟೀ ರೂಮ್ ಇದೆ, ವಾರ ವಾರ ಹೋಗ್ತಿದ್ದೆ."

ಅದು ಸುಳ್ಳು. ಆ ಎರಡು ವರ್ಷದಲ್ಲಿ ಅವಳು ಊರಿನ ಒಂದು ಹೋಟೆಲಿಗೂ ಕಾಲಿಟ್ಟಿರಲಿಲ್ಲ. ಟೀ ರೂಮಿನ ಬಾಗಿಲವರೆಗೆ ನಾಲ್ಕಾರು ಸಲ ಹೋಗಿದ್ದು ನಿಜ. ಒಳಗಿನ ತಲೆಗಳೆಲ್ಲ ತನ್ನ ಕಡೆ ತಿರುಗಿದಂತಾಗಿ ವಾಪಸು ಬಂದು, ಬಾಡಿಗೆ ಕೋಣೆಯಲ್ಲಿ ಅನ್ನಕ್ಕಿಟ್ಟಿದ್ದಳು. ಶಿವಪ್ರಸಾದ್ ಈ ದೇಶಕ್ಕೆ ಬಂದದ್ದು ಅವಳು ಆಕ್ಲೆಂಡ್ ಸೇರಿದ ಮೇಲೆ. ಹಾಗಾಗಿ ಅವನಿಗೂ ಇದು ಗೊತ್ತಿರಲಿಲ್ಲ.

ಹಡಗಿನ ಬಸ್ಸು ಅವರನ್ನು ಊರೊಳಗೆ ಇಳಿಸಿತು. ಅನುರಾಧಾ ಮುಂದೆ, ಉಳಿದವರು ಹಿಂದೆ. ಟೀ ರೂಮ್ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇತ್ತು.

"ಮುಚ್ಚಿಬಿಟ್ಟಿದ್ದಾರೆ," ಎಂದಳು.

"ಅಯ್ಯೋ ಪಾಪ. ಎಷ್ಟು ನೆನಪುಗಳಿರತ್ತೋ ನಿಂಗೆ," ಎಂದು ಲೀಲಾವತಿ ಅವಳ ಭುಜ ಮುಟ್ಟಿದಳು. ಆ ಕನಿಕರ ಅನುರಾಧಾಳಿಗೆ ಮೆಣಸಿನಕಾಯಿ ಮುಟ್ಟಿದ ಕೈಯಂತೆ ಉರಿಯಿತು.

ಬದರಿನಾಥನ ಮೊಣಕಾಲು ನೋಯುತ್ತಿತ್ತು. ಹಚ್ಚಲು ಏನಾದರೂ ತರುತ್ತೇನೆಂದು ಲೀಲಾವತಿ ಪಕ್ಕದ ಔಷಧಿ ಅಂಗಡಿಗೆ ಹೋದಳು. ಐದು ನಿಮಿಷವಾಯಿತು, ಹತ್ತಾಯಿತು. ಗಾಜಿನೊಳಗೆ ಕೌಂಟರಿನ ಹಿಂದಿನ ಹೆಂಗಸು ಮೊಣಕೈ ಊರಿ, ಅವಳು ಹೇಳುವುದನ್ನೆಲ್ಲ ತಲೆಯಾಡಿಸುತ್ತ ಕೇಳುತ್ತಿರುವುದು ಕಂಡಿತು. ಏನು ಹೇಳುತ್ತಾಳೆ ಇವಳು ಎಲ್ಲರಿಗೂ? ತನ್ನ ಬಾಯಿಂದ ಯಾಕೆ ಬರುವುದಿಲ್ಲ ಅದು?

ಹೊರಗೆ ಬಂದ ಲೀಲಾವತಿಯ ಕೈಯಲ್ಲಿ ಒಂದು ಚೀಟಿ. "ಇಲ್ಲಿ ಲಾನ್ ಬೌಲ್ಸ್ ಅಂತ ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡೋರ ಕ್ಲಬ್ ಇದೆಯಂತೆ. ಗುರುವಾರ ಮಧ್ಯಾಹ್ನ ಅಲ್ಲಿನ ಹೆಂಗಸರೇ ಅಡುಗೆ ಮಾಡ್ತಾರಂತೆ, ಇವತ್ತು ಗುರುವಾರವೇ. ಬೋರ್ಡಿಲ್ಲ, ಫೋನಲ್ಲೂ ಸಿಗಲ್ಲ, ಊರಿನವರಿಗೆ ಮಾತ್ರ ಗೊತ್ತು ಅಂದ್ಲು. ತಗೋ ಅನು, ದಾರಿ ಬಲ್ಲವಳು ನೀನು. ನೀನೇ ಕರ್ಕೊಂಡು ಹೋಗು."

ಅನುರಾಧಾ ಚೀಟಿ ನೋಡಿದಳು. ರಸ್ತೆ ಗೊತ್ತಿತ್ತು, ಹದಿನೈದು ನಿಮಿಷದ ದಾರಿ. ಮಡಚಿ ಜಾಕೆಟಿನ ಜೇಬಿಗೆ ಹಾಕಿದಳು.

"ಇದಾ? ಇದು ನಂಗೊತ್ತು. ಮೆಂಬರ್‌ಗಳನ್ನ ಬಿಟ್ಟು ಹೊರಗಿನವರನ್ನ ಸೇರಿಸಲ್ಲ. ಹೋಗಿ ಬಾಗಿಲಲ್ಲಿ ನಿಂತು ಮುಖ ಕೆಡಿಸ್ಕೊಂಡು ಬರಬೇಕಾಗತ್ತೆ."

"ಹೌದಾ? ಅವಳು ಹಾಗೆ ಹೇಳಲಿಲ್ಲವಲ್ಲ."

"ಅಂಗಡಿಯವಳು ಒಳ್ಳೆ ಮಾತಿಗೆ ಹೇಳಿರ್ತಾಳೆ. ಎರಡು ವರ್ಷ ಇದ್ದವಳು ನಾನು ಲೀಲಾ."

"ಸರಿ ಬಿಡು. ನಿಂಗೇ ಚೆನ್ನಾಗಿ ಗೊತ್ತಿರತ್ತೆ," ಎಂದಳು ಲೀಲಾವತಿ. ಒಂದು ಚೂರೂ ಅನುಮಾನವಿಲ್ಲದೆ ಅಂದಳು.

ಸಮುದ್ರಕ್ಕೆ ಎದುರಾಗಿದ್ದ ಒಂದು ಕೆಫೆಗೆ ಅನುರಾಧಾ ಎಲ್ಲರನ್ನೂ ಕರೆದೊಯ್ದಳು. ಅಲ್ಲಿ ಇದ್ದವರೆಲ್ಲ ಹಡಗಿನವರೇ. ಮುಕ್ಕಾಲು ಗಂಟೆ ಕಾದ ಮೇಲೆ ಮೆತ್ತಗಾದ ಚಿಪ್ಸ್, ಒಣಗಿದ ಸ್ಯಾಂಡ್‌ವಿಚ್ ಬಂದವು. ಬದರಿನಾಥ್ ಈರುಳ್ಳಿ ಬೆಳ್ಳುಳ್ಳಿ ಮುಟ್ಟದವನು. ಸ್ಯಾಂಡ್‌ವಿಚ್ ಬಿಡಿಸಿ ನೋಡಿ, ಮತ್ತೆ ಮುಚ್ಚಿ, ಬರೀ ಚಿಪ್ಸ್ ತಿಂದ. ಯಾರೂ ಗೊಣಗಲಿಲ್ಲ. ಗೊಣಗಿದ್ದರೆ ಅನುರಾಧಾಳಿಗೆ ಸಮಾಧಾನವಾಗುತ್ತಿತ್ತು.

"ನಾನು ಕೆಲಸ ಮಾಡಿದ ಜಾಗ ನೋಡ್ಕೊಂಡು ಬರ್ತೀನಿ," ಎಂದು ಅವಳು ಎದ್ದಳು. "ಒಬ್ಬಳೇ ಹೋಗ್ತೀನಿ ರೀ. ನೀವು ಬೀಚಲ್ಲಿರಿ."

ವೃದ್ಧಾಶ್ರಮದ ಕಡೆ ಅವಳು ಹೋಗಲೇ ಇಲ್ಲ, ನೇರ ಚೀಟಿಯಲ್ಲಿದ್ದ ರಸ್ತೆ ಹಿಡಿದಳು. ಆ ಕ್ಲಬ್ಬು ಏನೂ ಅಲ್ಲದ ಜಾಗವಾಗಿರಲಿ, ಬಾಗಿಲು ಹಾಕಿರಲಿ, ಯಾರಾದರೂ ಗದರಿಸಿ ಕಳಿಸಲಿ ಎಂದು ದಾರಿಯುದ್ದಕ್ಕೂ ಬಯಸಿದಳು. ಹಾಗಾದರೆ ತಾನು ಹೇಳಿದ್ದು ಸುಳ್ಳಾಗುವುದಿಲ್ಲ.

ಕತ್ತರಿಸಿ ನಯ ಮಾಡಿದ ಹುಲ್ಲಿನ ಅಂಗಳ, ಅದರಾಚೆ ತಗಡಿನ ಮಾಡಿನ ಹಾಲ್. ಬಾಗಿಲು ಪೂರಾ ತೆರೆದಿತ್ತು. ಒಳಗೆ ಕುಂಬಳಕಾಯಿ ಸೂಪಿನ ವಾಸನೆ, ಇಪ್ಪತ್ತು ಜನ ಮುದುಕ ಮುದುಕಿಯರ ಮಾತಿನ ಗದ್ದಲ. ಅವಳು ಹೊಸ್ತಿಲಲ್ಲಿ ನಿಂತಳು. ತಲೆಗಳು ತಿರುಗಿದವು. ಇನ್ನೇನು ಹಿಂದಕ್ಕೆ ಹೆಜ್ಜೆ ಇಡಬೇಕು, ಏಪ್ರನ್ ಕಟ್ಟಿದ ದಪ್ಪನೆಯ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಓಡಿಬಂದಳು.

"ನೀನು ಲೀಲಾ ತಾನೆ? ನಾನು ಬೆವ್. ಔಷಧಿ ಅಂಗಡಿಯ ಪ್ಯಾಮ್ ಫೋನ್ ಮಾಡಿದ್ದಳು. ಬರಲೇ ಇಲ್ಲವಲ್ಲ ಅಂತ ಎರಡು ಸಲ ಗೇಟಿನವರೆಗೆ ಬಂದು ನೋಡಿದೆ."

ಅನುರಾಧಾ ಬಾಯಿ ತೆರೆದಳು. "ಹೌದು," ಎಂದಳು. "ನಾನೇ ಲೀಲಾ."

ಯಾಕೆ ಹಾಗೆ ಹೇಳಿದಳೋ ಅವಳಿಗೇ ತಿಳಿಯಲಿಲ್ಲ. ಬೆವ್ ಅವಳ ಮೊಣಕೈ ಹಿಡಿದು ಕಿಟಕಿಯ ಪಕ್ಕದ ಮೇಜಿಗೆ ಕರೆದೊಯ್ದಳು. ನಾಲ್ಕು ಕುರ್ಚಿ, ನಾಲ್ಕು ತಟ್ಟೆ, ನಡುವೆ ಒಂದು ಕಾಗದದ ಮೇಲೆ ದೊಡ್ಡಕ್ಷರದಲ್ಲಿ 'ಲೀಲಾ'. ಒಂದು ತಟ್ಟೆ ಬೇರೆಯಾಗಿ ಮುಚ್ಚಿತ್ತು. "ಅದು ನಿನ್ನ ಗಂಡನಿಗೆ. ಈರುಳ್ಳಿ ತಿನ್ನಲ್ಲವಂತೆ, ನಾನೇ ಬೇರೆ ಸುತ್ತಿಟ್ಟೆ. ಎಲ್ಲಿ ಉಳಿದವರು?"

"ಅವರಿಗೆ ಕಾಲು ನೋವು. ಎಲ್ಲರೂ ಹಡಗಿಗೆ ಹೋದರು."

ಬ್ರೆಡ್ಡಿಗೆ ಈರುಳ್ಳಿ ಬೆರೆಸಿದ ಚೀಸ್ ಹಚ್ಚಿ, ಸುರುಳಿ ಸುತ್ತಿ, ಬೆಣ್ಣೆ ಸವರಿ ಸುಟ್ಟ ತಿಂಡಿ ಬಂತು. ಚೀಸ್ ರೋಲ್. ವೃದ್ಧಾಶ್ರಮದ ಮುದುಕಿಯರು ಇದಕ್ಕಾಗಿ ಹಟ ಹಿಡಿಯುತ್ತಿದ್ದುದು ಅವಳಿಗೆ ನೆನಪಿತ್ತು. ತಾನೇ ತಿಂದದ್ದು ಇದೇ ಮೊದಲು. ಬಿಸಿಬಿಸಿಯಾಗಿ, ಅಂಚು ಗರಿಗರಿಯಾಗಿ, ಒಳಗೆ ಕರಗಿ ಜಾರುವಂತಿತ್ತು. ಪಕ್ಕದ ಮೇಜಿನ ಮುದುಕನೊಬ್ಬ ಕುರ್ಚಿ ಎಳೆದುಕೊಂಡು ಬಂದು ಮೈಸೂರು ಎಲ್ಲಿದೆ ಎಂದು ಕೇಳಿದ. ಲೀಲಾ ಆಗಿ ಕೂತ ಅವಳು ಹೇಳತೊಡಗಿದಳು. ಹಾಸ್ಟೆಲಿನ ವಾರ್ಡನ್ ಕಣ್ಣು ತಪ್ಪಿಸಿ ಮಸಾಲೆ ದೋಸೆಗೆ ಓಡಿದ್ದನ್ನು ಹೇಳಿದಾಗ ಮೂರು ಮೇಜಿನವರು ನಕ್ಕರು. ಇಷ್ಟು ಸುಲಭವೇ ಇದು ಎಂದು ಅವಳಿಗೆ ಆಶ್ಚರ್ಯವಾಯಿತು. ತಟ್ಟೆ ಖಾಲಿಯಾಯಿತು, ಕೇಳದೆ ಇನ್ನೆರಡು ಬಂದವು.

ಬೆವ್ ಎದುರಿಗೆ ಕೂತಳು. "ನಿಜ ಹೇಳಬೇಕೆಂದರೆ, ನಾನು ನೋಡಬೇಕೆಂದುಕೊಂಡಿದ್ದು ನಿನ್ನ ಗೆಳತಿಯನ್ನು."

"ಯಾರನ್ನು?"

"ಅವಳ ಹೆಸರು ನನ್ನ ನಾಲಿಗೆಗೆ ತಿರುಗಲ್ಲ. ಈ ಊರಿನ ವೃದ್ಧಾಶ್ರಮದಲ್ಲಿ ನರ್ಸಾಗಿದ್ದಳಂತಲ್ಲ. ಚಿಕ್ಕ ವಯಸ್ಸಿನಲ್ಲಿ ಒಬ್ಬಳೇ ಬಂದು, ಯಾರ ಗುರುತೂ ಇಲ್ಲದೆ ಇದ್ದು, ಆಮೇಲೆ ನಿನ್ನನ್ನೂ ಈ ದೇಶಕ್ಕೆ ಕರೆಸಿಕೊಂಡವಳು. ನೀನು ಔಷಧಿ ಕೇಳೋದು ಬಿಟ್ಟು ಹತ್ತು ನಿಮಿಷ ಅವಳ ವಿಷಯವೇ ಹೇಳಿದೆಯಂತೆ. ಅವಳು ಹೋಗುತ್ತಿದ್ದ ಟೀ ರೂಮ್ ಮುಚ್ಚಿಹೋಗಿದೆ, ಬೇಜಾರಾಗಿದ್ದಾಳೆ, ಅವಳಿಗೆ ಹಿಡಿಸುವಂಥ ಜಾಗ ಯಾವುದಿದೆ ಅಂತ ಕೇಳಿದೆಯಂತೆ. ನಮ್ಮೂರವಳು ಅವಳು, ನಮ್ಮ ಹತ್ತಿರವೇ ಊಟ ಮಾಡಲಿ ಅಂದಳು ಪ್ಯಾಮ್."

ಅನುರಾಧಾ ಕೈಲಿದ್ದ ರೋಲನ್ನು ತಟ್ಟೆಯಲ್ಲಿಟ್ಟಳು. ನಾನೇ ಅವಳು ಎನ್ನಲು ಬಾಯಿ ಬರಲಿಲ್ಲ. ಬೆವ್ ಉಳಿದ ಮೂವರ ಪಾಲನ್ನು ಬೆಳ್ಳಿಕಾಗದದಲ್ಲಿ ಸುತ್ತಿ, ಈರುಳ್ಳಿಯಿಲ್ಲದ ಪೊಟ್ಟಣಕ್ಕೆ ಗುರುತು ಹಾಕಿ ಅವಳ ಕೈಗಿತ್ತಳು. ಥ್ಯಾಂಕ್ಸ್ ಹೇಳಿದಳೋ ಇಲ್ಲವೋ, ಅವಳು ಗೇಟು ದಾಟಿ ಬಂದಾಗಿತ್ತು.

ಬೀಚಿನ ಬೆಂಚಿನ ಮೇಲೆ ಲೀಲಾವತಿ ಒಬ್ಬಳೇ ಕೂತಿದ್ದಳು. ಗಂಡಸರಿಬ್ಬರೂ ನೀರಿನ ಹತ್ತಿರ ನಿಂತಿದ್ದರು. ದಾರಿಯಲ್ಲಿ ಅನುರಾಧಾ ಹೊಂದಿಸಿಕೊಂಡಿದ್ದ ಮಾತುಗಳು ಬೇರೆ. ಅಂಗಡಿಯಲ್ಲಿ ಸಿಕ್ಕಿತು ಎನ್ನಬಹುದಿತ್ತು. ಪೊಟ್ಟಣವನ್ನು ಬೆಂಚಿನ ಮೇಲಿಟ್ಟಾಗ ಬಂದ ಮಾತು ಬೇರೆ.

"ಲೀಲಾ, ಕ್ಲಬ್ಬಿಗೆ ಹೋಗಿದ್ದೆ. ಅಲ್ಲಿ ಎಲ್ಲರನ್ನೂ ಸೇರಿಸ್ತಾರೆ. ನಂಗೆ ಏನೂ ಗೊತ್ತಿರಲಿಲ್ಲ. ಸುಳ್ಳು ಹೇಳಿದೆ."

ಅನುರಾಧಾ ಟೀ ರೂಮಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಲೀಲಾ ಎಂದು ಕರೆದಾಗ ಹೂಂಗುಟ್ಟಿದ್ದನ್ನೂ ಹೇಳಿದಳು.

"ಯಾಕೆ?" ಎಂದಳು ಲೀಲಾವತಿ.

"ಹೊಟ್ಟೆಕಿಚ್ಚು ಕಣೇ. ಇವತ್ತಿಂದಲ್ಲ. ಹೋದ ತಿಂಗಳಿಂದ್ಲೂ ಅಲ್ಲ. ನೀನು ಬಂದ ಮೊದಲನೇ ವಾರ ನಮ್ಮ ಪಕ್ಕದ ಮನೆಯ ಮುದುಕಿ ನಿನಗೆ ನಿಂಬೆಹಣ್ಣು ತಂದುಕೊಟ್ಟಳು. ಒಂಬತ್ತು ವರ್ಷದಲ್ಲಿ ನಂಗೆ ಒಂದು ದಿನ ಹಲೋ ಅಂದಿರಲಿಲ್ಲ. ಅವತ್ತಿಂದ."

ಲೀಲಾವತಿಯ ಮುಖ ಕೆಂಪಾಯಿತು. ಆಮೇಲೆ ವಾಚು ನೋಡಿದಳು.

"ಆ ಹೆಂಗಸರು ಮೇಜು ಹಾಕಿ ಕಾಯ್ತಾ ಇದ್ರು ಅಂದ್ಯಲ್ಲ. ಗೇಟಿನ ತನಕ ಬಂದು ನೋಡಿದ್ರು ಅಂದ್ಯಲ್ಲ."

"ಹೂಂ."

"ಕೊನೇ ಬಸ್ಸು ಮೂರೂವರೆಗೆ. ಈಗ ಎರಡೂಕಾಲು. ಏಳು."

"ಎಲ್ಲಿಗೆ?"

"ಎಲ್ಲಿಗೆ ಅಂತ ಬೇರೆ ಕೇಳ್ತೀಯಾ," ಎಂದು ಲೀಲಾವತಿ ಪೊಟ್ಟಣ ಎತ್ತಿಕೊಂಡು, ಅದನ್ನು ಗಂಡನ ಕೈಗೆ ಕೊಟ್ಟು, ನಡೆಯತೊಡಗಿದಳು. ಅನುರಾಧಾ ಎರಡು ಹೆಜ್ಜೆ ಹಿಂದೆ ಬರುತ್ತ, ಇಲ್ಲಿ ಎಡಕ್ಕೆ, ಇಲ್ಲಿ ನೇರ ಎಂದಷ್ಟೇ ಹೇಳಿದಳು.

ಹಾಲ್ ಅರ್ಧ ಖಾಲಿಯಾಗಿತ್ತು. ಬೆವ್ ಕಪ್ಪುಗಳನ್ನು ಎತ್ತುತ್ತಿದ್ದಳು. ಬಾಗಿಲಲ್ಲಿ ಲೀಲಾವತಿ ಪಕ್ಕಕ್ಕೆ ಸರಿದು ನಿಂತಳು. "ನೀನೇ ಹೇಳು," ಎಂದಳು.

ಅನುರಾಧಾ ಮೇಜಿನ ಹತ್ತಿರ ಹೋದಳು. "ಬೆವ್, ನಾನು ಲೀಲಾ ಅಲ್ಲ. ಇವಳು ಲೀಲಾ. ನಾನು ಅನುರಾಧಾ. ನೀನು ನೋಡಬೇಕೆಂದವಳು. ಇವರು ಯಾರೂ ಹಡಗಿಗೆ ಹೋಗಿರಲಿಲ್ಲ. ಇಲ್ಲಿಗೆ ಬರದಂತೆ ತಡೆದವಳು ನಾನೇ."

ಬೆವ್ ಇಬ್ಬರನ್ನೂ ನೋಡಿದಳು. ನಗಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. "ಅಷ್ಟೂ ರೋಲ್ ನಾನೊಬ್ಬಳೇ ಸುತ್ತಿದ್ದು," ಎಂದಳು. ಕೈಲಿದ್ದ ಕಪ್ಪು ಕೆಳಗಿಟ್ಟು, "ಟೀ ಇನ್ನೂ ಬಿಸಿ ಇದೆ. ಕೂತುಕೊಳ್ಳಿ," ಎಂದಳು.

ಐದು ನಿಮಿಷದಲ್ಲಿ ಉಳಿದವರೆಲ್ಲ ಲೀಲಾವತಿಯ ಸುತ್ತ ಸೇರಿದರು. ಅದೇ ಮುದುಕ ಅದೇ ಕುರ್ಚಿ ಎಳೆದುಕೊಂಡ. ಹಾಸ್ಟೆಲಿನ ಕಥೆಯನ್ನು ಲೀಲಾವತಿ ಇನ್ನೂ ಚೆನ್ನಾಗಿ ಹೇಳಿದಳು. ಅನುರಾಧಾಳ ಎದೆಯಲ್ಲಿ ಹಳೆಯ ಉರಿ ಹಾಗೇ ಎದ್ದಿತು. ಹೋಗಿರುತ್ತದೆ ಎಂದುಕೊಂಡಿದ್ದಳು, ಹೋಗಿರಲಿಲ್ಲ. ಅವಳು ಎದ್ದು ಅಡುಗೆಮನೆಗೆ ಹೋಗಿ, ಬೆವ್ ತೊಳೆದಿಟ್ಟ ಕಪ್ಪುಗಳನ್ನು ಬಟ್ಟೆಯಿಂದ ಒರೆಸತೊಡಗಿದಳು. ಬೆವ್ ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ವೃದ್ಧಾಶ್ರಮದಲ್ಲಿ ಯಾವ ವಿಂಗ್‌ನಲ್ಲಿದ್ದೆ, ಯಾರು ಯಾರು ನೆನಪಿದ್ದಾರೆ ಎಂದು ಕೇಳಿದಳು. ಅನುರಾಧಾಳಿಗೆ ಹನ್ನೆರಡು ಹೆಸರು ನೆನಪಿದ್ದವು. ಒಬ್ಬೊಬ್ಬರು ಟೀಗೆ ಎಷ್ಟು ಸಕ್ಕರೆ ಹಾಕಿಸಿಕೊಳ್ಳುತ್ತಿದ್ದರೆಂಬುದೂ ನೆನಪಿತ್ತು. ಹೇಳುತ್ತ ಹೋದಳು. ಬೆವ್ ನಲ್ಲಿ ನಿಲ್ಲಿಸಿ ಕೇಳಿದಳು.

ಬಸ್ಸಿನಲ್ಲಿ ಲೀಲಾವತಿ ಪಕ್ಕದಲ್ಲೇ ಕೂತಳು, ಆದರೆ ಮುಖ ಕಿಟಕಿಯ ಕಡೆಗಿತ್ತು.

"ಕೋಪ ಹೋಗಿಲ್ಲ ನಂಗೆ," ಎಂದಳು.

"ಗೊತ್ತು."

"ಬೇಗ ಹೋಗೋದೂ ಇಲ್ಲ. ಸುಮ್ನೆ ಕೇಕ್ ತಂದು ತಬ್ಬಿಕೊಂಡು ಸರಿ ಮಾಡಕ್ಕೆ ಬರಬೇಡ."

"ಬರಲ್ಲ," ಎಂದಳು ಅನುರಾಧಾ.

ಹಿಂದಿನ ಸೀಟಿನಲ್ಲಿ ಬದರಿನಾಥ್ ಬೆಳ್ಳಿಕಾಗದ ಬಿಡಿಸಿ, ತಣ್ಣಗಾದ ಚೀಸ್ ರೋಲನ್ನು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದ. ಎಲ್ಲಿ ಸಿಕ್ಕಿತು ಇದು ಎಂದು ಶಿವಪ್ರಸಾದ್ ಕೇಳಿದ. ಬಸ್ಸು ಬಂದರಿನ ಗೇಟಿನ ಹತ್ತಿರ ತಿರುಗುವಾಗ ಅನುರಾಧಾ ಹಿಂದಕ್ಕೆ ತಿರುಗಿ, ಗಂಡಸರಿಬ್ಬರಿಗೂ ಕೇಳುವಂತೆ, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು.