ದೇವರ ಜಗಲಿಯ ಮೇಲಿನ ತೂತು

ಕಮರಿಪೇಟೆಯ ಸಂಗವ್ವನ ಹಂಚಿನ ಮನೆಗೆ ಸೋಲಾರ್ ಬಿಸಿನೀರಿನ ಟಾಕಿ ಬಂದ ದಿನ, ಅವಳ ತಮ್ಮನ ಮಗಳು ರಜನಿಯೂ ಬಂದಿದ್ದಳು. ನವನಗರದಲ್ಲಿ ಸೋಲಾರ್ ಕೂಡಿಸುವ ಕೆಲಸ ಮಾಡುವ ಹುಡುಗಿ.

"ಅತ್ತಿ, ಚಾವಣಿ ಇಳಿಜಾರ ಐತಿ. ಟಾಕಿ ಬರೇ ಹಂಚಿನ ಮ್ಯಾಲ ಕೂಡಿಸಬಾರದು. ಹಂಚು ತಗದು, ಕೆಳಗಿನ ತೊಲಿಗೆ ಬೋಲ್ಟ್ ಹಾಕಿ ಸ್ಟ್ಯಾಂಡ್ ಬಿಗೀಬೇಕು."

ಆ ತೊಲೆ ಇದ್ದದ್ದು ದೇವರ ಜಗಲಿಯ ನೇರ ಮೇಲೆ. ಸಂಗವ್ವನ ಮುಖ ಸಣ್ಣದಾಯಿತು.

"ದೇವರ ನೆತ್ತಿ ಮ್ಯಾಲ ತೂತು ಹಾಕಿಸ್ಲೇನು? ಮಳಿ ಸೋರಿದ್ರ ಮೊದಲು ತೋಯೂದು ಅವನ."

"ತೂತಿನ ಸುತ್ತ ರಬ್ಬರ್ ಮುಚ್ಚಳ ಕೂಡಿಸ್ತೇವಿ. ಸೋರೂದಿಲ್ಲ."

"ನಮ್ಮ ಬೀಸೂ ಕಲ್ಲಿಗೆ ಯಾರರೆ ಬೋಲ್ಟ್ ಹಾಕ್ಯಾರೇನು? ಭಾರ ಇದ್ದದ್ದು ಎಲ್ಲಿ ಓಡಿಹೋಗತೈತಿ?"

"ಬೀಸೂ ಕಲ್ಲು ನೆಲದ ಮ್ಯಾಲ ಐತಿ. ಇಳಿಜಾರಿನ್ಯಾಗ ಭಾರನ ಕೆಳಗ ಜಗ್ಗತೈತಿ, ಅತ್ತಿ."

ಸಂಗವ್ವ ಕೇಳಲಿಲ್ಲ. ರಜನಿ ಹೋದ ಮೇಲೆ ಬೇರೆಯವರಿಂದ ಟಾಕಿಯನ್ನು ಹಂಚಿನ ಮೇಲೆಯೇ ಕೂಡಿಸಿ, ಸ್ಟ್ಯಾಂಡಿನ ಕಾಲಿಗೆ ಇಟ್ಟಂಗಿಯ ಒತ್ತು ಕೊಡಿಸಿ, ತಂತಿ ಸುತ್ತಿಸಿದಳು. ಪಕ್ಕದ ಮನೆಯ ಮಾಳವ್ವ, ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಸಂಸಾರ ಸಾಗಿಸುವವಳು, ನಿಂತು ನೋಡಿದಳು.

"ಅಕ್ಕಾ, ನಿನ್ನ ಟಾಕಿ ನಮ್ಮ ಅಂಗಳದ ಕಡೆನ ನೋಡಾಕತ್ತೈತಿ. ಜಳಕಕ್ಕ ನನ್ನೂ ಕರೀತದೇನು?"

ಇಬ್ಬರೂ ನಕ್ಕರು.

ಬೇಸಿಗೆಯ ಕೊನೆಯಲ್ಲಿ ಒಂದು ಸಂಜೆ ಅಡ್ಡಮಳೆ ಬಂತು, ಮಳೆಗಿಂತ ಮೊದಲು ಗಾಳಿ. ಇಟ್ಟಂಗಿ ಜಾರಿತು, ಹಂಚು ಒಡೆಯಿತು, ತಂತಿ ಹರಿಯಿತು. ಒಣಹಾಕಿದ ಸೀರೆ ತರಲು ಅಂಗಳಕ್ಕೆ ಬಂದಿದ್ದ ಮಾಳವ್ವ ಸಪ್ಪಳ ಕೇಳಿ ಸರಿದಳು. ಬಲಗೈ ಸರಿಯಲಿಲ್ಲ; ಉರುಳಿದ ಟಾಕಿ ಅದರ ಮೇಲೆ ಬಿತ್ತು.

ಮುರಿದ ಎಲುಬು ಕೂಡಿತು. ಆದರೆ ಆ ಕೈಗೆ ರೊಟ್ಟಿ ಬಡಿಯುವ ಬಲ ಬರಲಿಲ್ಲ. ಸಂಗವ್ವ ಅವಳ ಮನೆಗೆ ಬುತ್ತಿ ಒಯ್ಯತೊಡಗಿದಳು.

"ಜಗಲಿ ಮ್ಯಾಲ ಒಂದು ಹನಿ ಬೀಳಬಾರದಂತ ಹಂಗ ಮಾಡಿದ್ನವ್ವಾ."

ಮಾಳವ್ವ ಎಡಗೈಯಲ್ಲಿ ರೊಟ್ಟಿ ಮುರಿದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. "ಜಗಲೀನ ಆಚೆ ಗ್ವಾಡಿಗೆ ಸರಿಸಿದ್ರ ಆಗ್ತಿತ್ತಲ್ಲ, ಅಕ್ಕಾ."

ಸಂಗವ್ವನಿಗೆ ಅದು ಹೊಳೆದೇ ಇರಲಿಲ್ಲ.

ಮರುದಿನ ಅವಳೇ ರಜನಿಯನ್ನು ಕರೆಸಿದಳು. ದೇವರು ಆಚೆ ಗೋಡೆಗೆ ಹೋದ. ತೊಲೆ ಭಾರ ತಡೆಯುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಹೊಸ ಟಾಕಿಯ ಸ್ಟ್ಯಾಂಡನ್ನು ಅದಕ್ಕೆ ಬಿಗಿದರು. ಎಷ್ಟೋ ಸಲ ಗಾಳಿ ಬಂದು ಹೋಯಿತು. ಟಾಕಿ ಅಲುಗಿಲ್ಲ, ಮನೆ ಸೋರಿಲ್ಲ. ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಈಗ ಬರುವುದಿಲ್ಲ.

ನಿಮ್ಮದೂ ಹಂಚಿನ ಅಥವಾ ತಗಡಿನ ಇಳಿಜಾರು ಚಾವಣಿಯೇ? ಮೇಲೆ ನೀರಿನ ಟಾಕಿಯೋ ಸೋಲಾರೋ ಇದೆಯೇ? ನೀವೇ ಹತ್ತಬೇಡಿ. ಬಲ್ಲವರನ್ನು ಕರೆಸಿ, ಅದರ ಕಾಲು ಹಂಚಿನ ಮೇಲಿದೆಯೋ ತೊಲೆಗೆ ಬಿಗಿದಿದೆಯೋ ಎಂದು ಕೇಳಿ. ಗಾಳಿ ಬರುವ ಮೊದಲೇ ಕೇಳಿ. ನಿಮ್ಮ ಚಾವಣಿಯ ಅಂಚಿನ ಕೆಳಗೆ ಇನ್ನೊಬ್ಬರ ಅಂಗಳವಿದೆ.