ಸೆಂಡಾಯಲ್ಲೊಂದು ಬಿಡದಿ

"ನಾಲ್ಕು ನಿಮಿಷ ಅಂದ್ಯಲ್ಲೇ?" ಜಯಮ್ಮ ಮೇಲ್ಸೇತುವೆಯ ನಟ್ಟನಡುವೆ ನಿಂತುಬಿಟ್ಟರು. "ಯಾರ ಕಾಲಲ್ಲಿ ನಾಲ್ಕು ನಿಮಿಷ?"

ಅಹಲ್ಯಾ ಫೋನ್ ನೋಡಿದಳು. ಸ್ಟೇಷನ್ನಿನ ಬಾಗಿಲು ಬಿಟ್ಟು ಹನ್ನೊಂದು ನಿಮಿಷವಾಗಿತ್ತು. ಹೋಟೆಲಿನ ಬೋರ್ಡು ಕಾಣಿಸುತ್ತಿತ್ತು ನಿಜ, ಆದರೆ ಅಲ್ಲಿಗೆ ಇಳಿಯಲು ಇನ್ನೂ ಮೂವತ್ತು ಮೆಟ್ಟಿಲು. ಜಪಾನಿನ ಜಾಹೀರಾತುಗಳಲ್ಲಿ ಒಂದು ನಿಮಿಷದ ನಡಿಗೆಯೆಂದರೆ ಎಂಬತ್ತು ಮೀಟರು. ನಡೆಯುವವರ ಮಂಡಿ ಹೇಗಿದೆಯೆಂದು ಆ ಲೆಕ್ಕ ಕೇಳುವುದಿಲ್ಲ. ಹೋಟೆಲಿನವರು ಸುಳ್ಳೇನೂ ಬರೆದಿರಲಿಲ್ಲ.

"ಇದು ಬೇಡ ಬಿಡಿ ಅತ್ತೆ," ಎಂದು ಚೀಟಿಯಲ್ಲಿದ್ದ ಮೊದಲ ಹೆಸರಿನ ಮೇಲೆ ಗೆರೆ ಎಳೆದಳು.

"ನೋಡದೇನೇ?"

"ನಿಮ್ಮ ಮುಖ ನೋಡಿದ್ನಲ್ಲ, ಸಾಕು."

ಅತ್ತೆಯನ್ನು ಟೋಕಿಯೋದಿಂದ ಕರೆತಂದಿದ್ದೇ ಇದಕ್ಕೆ. ಅಹಲ್ಯಾಳ ತಂಗಿ ಹರ್ಷಿಣಿ ಸೆಂಡಾಯ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಹುಡುಗ ಶ್ರೀಹರ್ಷ ಹಮಾಮತ್ಸುವಿನ ಮೋಟಾರ್‌ಬೈಕ್ ಕಂಪನಿಯಲ್ಲಿ ಇಂಜಿನಿಯರ್. ಹುಡುಗಿ ಥೀಸಿಸ್ ಬಿಟ್ಟು ಅಲುಗಾಡುವ ಹಾಗಿರಲಿಲ್ಲ, ಹಾಗಾಗಿ ನವೆಂಬರ್ ಇಪ್ಪತ್ತನಾಲ್ಕಕ್ಕೆ ಇಲ್ಲೇ ಧಾರೆ ಎಂದಾಯಿತು. ಗಂಡಿನ ತಾಯಿ ಸರಸ್ವತಿಯವರೂ ಸೇರಿ ಒಂಬತ್ತು ಜನ ಬೆಂಗಳೂರಿನಿಂದ ಬರುವವರಿದ್ದರು. ದೇಶ ಯಾವುದಾದರೇನು, ಬೀಗರಿಗೆ ಬಿಡದಿ ಹುಡುಕುವುದು ಹೆಣ್ಣಿನ ಕಡೆಯವರ ಕೆಲಸ. ತಂದೆಯಿಲ್ಲದ ಮನೆ, ತಾಯಿ ದಾವಣಗೆರೆಯಲ್ಲಿ. ಹಾಗಾಗಿ ಕೆಲಸ ಅಕ್ಕನ ಹೆಗಲಿಗೆ ಬಂತು.

ಬಿಡದಿ ಎಂದರೆ ಏನೆಂದು ಅಹಲ್ಯಾಳಷ್ಟು ಚೆನ್ನಾಗಿ ತಿಳಿದವರು ಯಾರಿದ್ದರು? ಹನ್ನೆರಡು ವರ್ಷದ ಹಿಂದೆ ಅವಳ ಮದುವೆಯಲ್ಲಿ, ದಾವಣಗೆರೆಯ ಛತ್ರದ ಮೇಲಿನ ಮಹಡಿಯಲ್ಲಿ ಗೀಸರ್ ಕೆಟ್ಟಿತ್ತು. ಗಂಡಿನವರು ಮಾಘ ಮಾಸದ ಚಳಿಯಲ್ಲಿ ತಣ್ಣೀರು ಹುಯ್ದುಕೊಂಡರು. ಅಂದಿನಿಂದ ಜಯಮ್ಮನ ಬಾಯಲ್ಲಿ ಆ ಮಾತು ಹಬ್ಬಕ್ಕೊಮ್ಮೆ, ನೆಂಟರು ಬಂದಾಗೊಮ್ಮೆ, ಟೋಕಿಯೋದ ಬಚ್ಚಲಲ್ಲಿ ಬಿಸಿನೀರು ಬಿಟ್ಟಾಗಲೆಲ್ಲ ಒಮ್ಮೆ ಬರುತ್ತಿತ್ತು: "ನಿಮ್ಮೋರು ನಮಗೆ ಬಿಸಿನೀರೂ ಕೊಡ್ಲಿಲ್ವಲ್ಲಮ್ಮ!" ಅಹಲ್ಯಾ ಕೇಳಿ ಕೇಳಿ ಗಟ್ಟಿಯಾಗಿದ್ದಳು. ಆದರೆ ಹರ್ಷಿಣಿ ಬಾಯಿಗೆ ಬಾಯಿ ಕೊಡುವ ಹುಡುಗಿ. ಇಂಥದ್ದೊಂದು ಮಾತು ಅವಳ ಸಂಸಾರದೊಳಗೆ ಕಾಲಿಟ್ಟರೆ ಹನ್ನೆರಡು ವರ್ಷವಲ್ಲ, ಹನ್ನೆರಡು ತಿಂಗಳೂ ಬಾಳುವುದು ಕಷ್ಟ. ಅದಕ್ಕೆ ಆಸ್ಪದ ಕೊಡಬಾರದು ಎಂದು ಅಹಲ್ಯಾ ಹಟ ಹಿಡಿದಿದ್ದಳು.

"ಅಮ್ಮನ್ನ ಕರ್ಕೊಂಡ್ ಹೋಗ್ತೀಯಾ? ಹುಚ್ಚಾ ನಿಂಗೆ?" ಎಂದಿದ್ದ ಗಂಡ ಪ್ರದೀಪ. "ರಿವ್ಯೂ ನೋಡಿ ಬುಕ್ ಮಾಡಮ್ಮ. ಫೋರ್ ಪಾಯಿಂಟ್ ತ್ರೀ ಇದೆ."

"ರಿವ್ಯೂ ಬರೆದೋರು ಯಾರೂ ಬೀಗರಲ್ಲ ರೀ," ಎಂದಿದ್ದಳು ಅಹಲ್ಯಾ.

ಜಯಮ್ಮನೂ ಸುಲಭಕ್ಕೆ ಹೊರಟಿರಲಿಲ್ಲ. "ನಿನ್ನ ತಂಗಿ ಮದುವೆಗೆ ನಂದೇನು? ನವೆಂಬರ್ ಹದಿನೈದಕ್ಕೇ ನಾನು ಊರಿಗೆ ವಿಮಾನ ಹತ್ತೋಳು," ಎಂದಿದ್ದರು. "ತಪ್ಪು ಹುಡುಕಿಕೊಡಿ ಅತ್ತೆ, ನಿಮ್ಮಷ್ಟು ಚೆನ್ನಾಗಿ ಯಾರಿಗೂ ಬರಲ್ಲ," ಎಂದಾಗ ಮಾತ್ರ ಶಾಲು ಹೊದ್ದು ಎದ್ದಿದ್ದರು. ಬೈದಳೋ ಹೊಗಳಿದಳೋ ಎಂದು ರೈಲಿನಲ್ಲಿ ಸ್ವಲ್ಪ ಹೊತ್ತು ಯೋಚಿಸಿದ್ದೂ ಉಂಟು.

ಎರಡನೇ ಹೋಟೆಲು ಊರ ನಡುವೆಯೇ ಇತ್ತು, ಹೊಳೆಹೊಳೆಯುತ್ತಿತ್ತು. ರೂಮುಗಳಿಗೆ ಬಚ್ಚಲಿಲ್ಲ, ಬದಲಿಗೆ ಮೇಲಿನ ಮಹಡಿಯಲ್ಲಿ ಬಿಸಿನೀರಿನ ದೊಡ್ಡ ಕೊಳ. ಹೆಂಗಸರಿಗೇ ಬೇರೆ, ಗಂಡಸರಿಗೇ ಬೇರೆ, ಆದರೆ ಎಲ್ಲರೂ ಒಟ್ಟಿಗೆ, ಮೈಮೇಲೆ ನೂಲೆಳೆಯಿಲ್ಲದೆ. ಅಹಲ್ಯಾ ವಿವರಿಸಿದಾಗ ಜಯಮ್ಮ ಸೆರಗನ್ನು ಬಾಯಿಗಿಟ್ಟುಕೊಂಡರು.

"ಅಯ್ಯಯ್ಯೋ! ಧಾರೆ ದಿನ ಬೀಗಿತ್ತಿ ಜೊತೆ ಬತ್ತಲೆ ಕೂತ್ಕೋಬೇಕಾ? ನಡಿಯೇ, ನಡಿ ಆಚೆಗೆ."

ಎರಡನೇ ಗೆರೆಯೂ ಬಿತ್ತು. ಇಬ್ಬರೂ ಮರಗಳ ಸಾಲಿನ ಬೀದಿಯ ಬೆಂಚಿನಲ್ಲಿ ಕೂತು ಮನೆಯಿಂದ ತಂದ ಚಪಾತಿ ತಿಂದರು. ಜಯಮ್ಮ ಚಪ್ಪಲಿ ಬಿಚ್ಚಿ ಪಾದ ನೀವಿಕೊಂಡರು, ಆದರೆ ವಾಪಸ್ ಹೋಗೋಣ ಎನ್ನಲಿಲ್ಲ. ತಪ್ಪು ಹುಡುಕುವ ಕೆಲಸ ಅವರಿಗೆ ರುಚಿಸಿತ್ತು.

ಮೂರನೆಯದು ಅಂಗಡಿಬೀದಿಯ ಹಿಂದಿನ ಗಲ್ಲಿಯಲ್ಲಿತ್ತು. ಬೀದಿಯುದ್ದಕ್ಕೂ ಮೇಲೆ ಗಾಜಿನ ಸೂರು, ಮಳೆ ಬಿದ್ದರೂ ರೇಷ್ಮೆ ಸೀರೆ ನೆನೆಯುವ ಹಾಗಿಲ್ಲ. ನೆಲ ಸಮತಟ್ಟು, ಒಂದೂ ಮೆಟ್ಟಿಲಿಲ್ಲ. ಧಾರೆಗೆಂದು ಮೊದಲೇ ಗೊತ್ತುಮಾಡಿದ್ದ ಹಾಲ್‌ನಿಂದ ಹೋಟೆಲಿನ ತನಕ ಜಯಮ್ಮನ ಕಾಲಲ್ಲೇ, ಒಂದು ಚೀಲದಂಗಡಿಯ ಮುಂದೆ ನಿಂತಿದ್ದೂ ಸೇರಿ, ಒಂಬತ್ತು ನಿಮಿಷ ಹಿಡಿಯಿತು. ಹೋಟೆಲು ಹಳೆಯದು, ಕಾರ್ಪೆಟ್ ಅಂಚು ಸವೆದಿತ್ತು. ಕೌಂಟರಿನಲ್ಲಿ, ಎದೆಯ ಪಟ್ಟಿಯಲ್ಲಿ ಕಿಕುಚಿ ಎಂದು ಹೆಸರಿದ್ದ ನರೆಗೂದಲ ಹೆಂಗಸು ಎದ್ದು ನಿಂತು ತಲೆ ಬಾಗಿಸಿದರು. ಜಯಮ್ಮನೂ ಕೈ ಮುಗಿದರು. ಆಕೆ ಮತ್ತೆ ಬಾಗಿದರು, ಇವರು ಮತ್ತೆ ಮುಗಿದರು. ಅಹಲ್ಯಾ ನಡುವೆ ಬರದಿದ್ದರೆ ಅದು ಸಂಜೆಯವರೆಗೂ ನಡೆಯುತ್ತಿತ್ತೇನೋ.

"ಐದು ರೂಮು, ಇಪ್ಪತ್ತಮೂರಕ್ಕೆ," ಎಂದು ಅಹಲ್ಯಾ ಜಪಾನಿಯಲ್ಲಿ ಕೇಳಿದಳು. ಕಿಕುಚಿ-ಸಾನ್ ಬರೆದುಕೊಂಡು, "ಚೆಕ್-ಇನ್ ಮಧ್ಯಾಹ್ನ ಮೂರಕ್ಕೆ," ಎಂದರು.

ಅಹಲ್ಯಾ ಬೆರಳು ಮಡಿಸಿ ಗಂಟೆಗಳ ಲೆಕ್ಕ ಹಾಕಿದಳು. ಬೀಗರ ವಿಮಾನ ನಸುಕಿಗೇ ಟೋಕಿಯೋದಲ್ಲಿ ಇಳಿಯುತ್ತಿತ್ತು; ಹತ್ತೂವರೆಗೆಲ್ಲ ಅವರು ಸೆಂಡಾಯ್‌ನಲ್ಲಿ. ಸರಸ್ವತಿಯವರು ಸ್ನಾನ ಮಾಡಿ ದೀಪ ಹಚ್ಚದೆ ತೊಟ್ಟು ನೀರೂ ಮುಟ್ಟುವವರಲ್ಲ. ಒಂಬತ್ತು ಜನ ಸ್ನಾನವಿಲ್ಲದೆ, ಕಾಫಿಯಿಲ್ಲದೆ, ಪೆಟ್ಟಿಗೆಗಳ ಮೇಲೆ ಕೂತು ಮೂರು ಗಂಟೆಗೆ ಕಾಯುವ ದೃಶ್ಯ ಕಣ್ಣಿಗೆ ಕಟ್ಟಿತು. ಬಿಡದಿಯ ಬಾಗಿಲು ಬೀಗರಿಗೆ ಮುಚ್ಚಿರುತ್ತದೆ ಎಂದು ಕನ್ನಡದವರು ಯಾರಾದರೂ ಕನಸಿನಲ್ಲಾದರೂ ಎಣಿಸುತ್ತಾರೆಯೇ? ಹನ್ನೊಂದು ವರ್ಷ ಇಲ್ಲಿದ್ದ ಅವಳಿಗೇ ಹೊಳೆದಿರಲಿಲ್ಲ.

ಒಂದು ಗಳಿಗೆ ಯೋಚಿಸಿದಳು, ಅಷ್ಟೆ. "ಕ್ಷಮಿಸಿ, ಇಪ್ಪತ್ತೆರಡರ ರಾತ್ರಿಯಿಂದಲೇ ಕೊಡಿ. ಆದರೆ ಅವರು ಬರೋದು ಇಪ್ಪತ್ತಮೂರರ ಬೆಳಿಗ್ಗೆ."

"ಹಾಗಾದರೆ ಇಪ್ಪತ್ತೆರಡರ ರಾತ್ರಿ ಯಾರೂ ಮಲಗುವುದಿಲ್ಲವೇ?"

"ಇಲ್ಲ. ಬೆಳಿಗ್ಗೆ ಬಂದ ಕೂಡಲೇ ಸ್ನಾನ ಮಾಡ್ತಾರೆ. ಅದಕ್ಕೆ."

ಕಿಕುಚಿ-ಸಾನ್ ಪೆನ್ನು ಹಿಡಿದು ಅವಳ ಮುಖ ನೋಡಿದರು. ಆಮೇಲೆ ಏನೋ ಅರ್ಥವಾದವರಂತೆ ತಲೆಯಾಡಿಸಿ, ಒಂದೊಂದೇ ಅಕ್ಷರ ಒತ್ತಿ ಬರೆದರು: ಅತಿಥಿಗಳು ಬೆಳಿಗ್ಗೆ ಹತ್ತೂವರೆಗೆ ಸ್ನಾನಕ್ಕೆ ಬರುತ್ತಾರೆ. ನಂತರ ಏಳನೇ ಮಹಡಿಯ ಒಂದು ಕೀಲಿ ಕೊಟ್ಟು, ನಿಧಾನವಾಗಿ ನೋಡಿ ಬನ್ನಿ ಎಂದರು.

ರೂಮು ಚಿಕ್ಕದು, ಆದರೆ ಕಿಟಕಿ ಪೂರ್ವಕ್ಕಿತ್ತು. ಜಯಮ್ಮ ಹಾಸಿಗೆ ಒತ್ತಿ ನೋಡಿದರು, ಮೂಲೆಯಲ್ಲಿ ಬೆರಳಾಡಿಸಿ ಧೂಳು ಹುಡುಕಿದರು, ಸಿಗದೆ ಬೇಜಾರಾದರು. ಬಚ್ಚಲ ಹೊಸ್ತಿಲು ಗೇಣುದ್ದ ಎತ್ತರವಿತ್ತು. ಗೋಡೆ ಹಿಡಿದು ಹತ್ತಿ ಒಳಗೆ ಹೋಗಿ ನಲ್ಲಿ ತಿರುಗಿಸಿದರು. ಹಬೆ ಎದ್ದು ಕನ್ನಡಿ ಮಂಜಾಯಿತು.

ಅಹಲ್ಯಾ ಹಳೇ ಮಾತಿಗೆ ಸಿದ್ಧಳಾಗಿ ಬಾಗಿಲಲ್ಲಿ ನಿಂತಳು. ಆ ಮಾತು ಬರಲಿಲ್ಲ.

"ನೀರು ಬಿಸಿ ಇದೆಯಾ ಅತ್ತೆ?"

"ಇದೆ, ಇದೆ. ನೀರಿಗೇನು ಬಂತು!" ಜಯಮ್ಮ ನಲ್ಲಿಯಡಿ ಕೈ ಹಿಡಿದೇ ಇದ್ದರು. "ಅವತ್ತು ತಣ್ಣೀರಲ್ಲೂ ಆಯ್ತು ಸ್ನಾನ, ಏನು ಸತ್ತೋದ್ವಾ? ಐದಕ್ಕೇ ಎದ್ದು, ಸೀರೆ ಉಟ್ಟು, ಬಾಗಿಲು ತೆಕ್ಕೊಂಡು ಕೂತಿದ್ದೆ ಕಣೇ. ಈಗ ಬರ್ತಾರೆ, ಕಾಫಿ ಆಯ್ತಾ ಅಂತ ಒಂದು ಮಾತು ಕೇಳ್ತಾರೆ ಅಂತ. ಎಂಟೂವರೆ ಆದ್ರೂ ನಿಮ್ಮ ಕಡೆಯ ಒಂದು ನರಪಿಳ್ಳೆ ಬರ್ಲಿಲ್ಲ. ನಮ್ಮೋರ ಮುಂದೆ ನಂಗೆ ಹೇಗಾಗಿರ್ಬೇಕು ಹೇಳು. ಅದನ್ನ ಯಾರ ಹತ್ರ ಹೇಳ್ಕೊಳ್ಳಿ? ಅದಕ್ಕೆ ಬಿಸಿನೀರು ಬಿಸಿನೀರು ಅಂತಿದ್ದೆ."

ಇಷ್ಟು ವರ್ಷ ಹೇಳದೆ ಇಟ್ಟುಕೊಂಡದ್ದು ಅಹಲ್ಯಾಳಲ್ಲೂ ಒಂದಿತ್ತು.

"ಅಮ್ಮ ಬಂದಿದ್ಲು ಅತ್ತೆ. ಗೀಸರ್ ಕೆಟ್ಟಿದ್ದು ಗೊತ್ತಾಗಿ, ಏನಂತೀರೋ ಅಂತ ಹೆದರಿಕೊಂಡು, ಕಾಫಿ ಫ್ಲಾಸ್ಕ್ ಹಿಡ್ಕೊಂಡು ಕೆಳಗಿನ ಮೆಟ್ಟಿಲಲ್ಲೇ ನಿಂತಿದ್ಲು. ಎರಡು ಸಲ ಅರ್ಧ ಹತ್ತಿ ಇಳಿದ್ಲಂತೆ. ಕಾಫಿ ಆರಿಹೋಯ್ತು ಅಂತ ಆಮೇಲೆ ಬರ್ಲೇ ಇಲ್ಲ."

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಜಯಮ್ಮ ಅದನ್ನು ನಿಲ್ಲಿಸಿದರು, ಟವಲಿನಲ್ಲಿ ಕೈ ಒರೆಸಿಕೊಂಡರು, ಟವಲನ್ನು ಮೊದಲಿದ್ದ ಹಾಗೇ ಮಡಿಸಿಟ್ಟರು.

"ವಸುಂಧರಾ ಎಲ್ಲಿ ಇಳ್ಕೊಳ್ಳೋದು, ಮದುವೆಗೆ ಬಂದಾಗ?"

"ಅಮ್ಮನಾ? ಹರ್ಷಿಣಿ ಅಪಾರ್ಟ್‌ಮೆಂಟಲ್ಲಿ."

"ಚೆನ್ನಾಗಿದೆ ಬಿಡು! ಬೀಗರು ಇಲ್ಲಿ, ಅವಳು ಇನ್ನೆಲ್ಲೋ. ಮತ್ತೆ ಅದೇ ಮೆಟ್ಟಿಲಲ್ಲಿ ನಿಲ್ಲಿಸ್ತೀಯಾ ಅವಳನ್ನ?" ಹೊಸ್ತಿಲು ಇಳಿಯಲು ಸೊಸೆಯ ಭುಜಕ್ಕೆ ಕೈ ಚಾಚಿದರು. "ಇದೇ ಮಹಡಿಯಲ್ಲಿ ಇನ್ನೊಂದು ರೂಮು ಹೇಳು, ಲಿಫ್ಟ್ ಪಕ್ಕ. ಎರಡು ಮಂಚದ್ದು. ಪ್ರದೀಪಂಗೆ ಹೇಳಿ ನನ್ನ ಟಿಕೆಟ್ ಮುಂದಕ್ಕೆ ಹಾಕ್ಸು. ವೀಸಾ ಡಿಸೆಂಬರ್ ತನಕ ಇದೆಯಲ್ಲ?"

"ಇದೆ ಅತ್ತೆ."

"ಅವಳಿಗೆ ಬಾಯಿಲ್ಲ. ನಂಗಿದೆ. ಬೆಳಿಗ್ಗೆ ಬೀಗರ ಬಾಗಿಲಿಗೆ ಇಬ್ರೂ ಒಟ್ಟಿಗೆ ಹೋಗ್ತೀವಿ."

ಅಹಲ್ಯಾ ಚೀಟಿಯಲ್ಲಿ ಐದನ್ನು ಹೊಡೆದು ಆರು ಎಂದು ಬರೆದಳು. ಅಕ್ಷರ ಸೊಟ್ಟಗಾಯಿತು. ಕಣ್ಣೊರೆಸಿಕೊಂಡು ಬಾಗಿಲೆಳೆದು ಹೊರಗೆ ಬಂದಾಗ ಅತ್ತೆ ಆಗಲೇ ಲಿಫ್ಟಿನ ತನಕ ಹೋಗಿ ನಿಂತಿದ್ದರು. ಅಲ್ಲಿಂದ ವಾಪಸ್ ತಿರುಗಿ, ಸೆರಗು ಸರಿಮಾಡಿಕೊಂಡು, ಹೆಜ್ಜೆ ಎಣಿಸುತ್ತ ಬಂದರು. ಹಿಂದಿನ ರಾತ್ರಿಯವರು ರೂಮು ಬಿಟ್ಟು ಹೋಗಿ ಮಹಡಿಯೆಲ್ಲ ಖಾಲಿ; ಕೊನೆಯ ರೂಮಿನಲ್ಲಿ ಮಾತ್ರ ಯಾರೋ ಹಾಸಿಗೆ ಕೊಡವುತ್ತಿದ್ದ ಸದ್ದು. ಜಯಮ್ಮ ಮೊದಲ ಬಾಗಿಲ ಮುಂದೆ ನಿಂತು, ಬೀಗರು ಆಗಲೇ ಒಳಗಿದ್ದಾರೆ ಎಂಬಂತೆ, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು.

"ಸ್ನಾನ ಆಯ್ತಾ? ಕಾಫಿ ತಂದಿದ್ದೀವಿ," ಎಂದು ಮೆಲ್ಲಗೆ ಹೇಳಿ, ಸ್ವಲ್ಪ ಹೊತ್ತು ಕಾದು, ಪಕ್ಕದ ಬಾಗಿಲಿಗೆ ಹೋದರು.